ಸೇವ್ ಇಲ್ಲದೆ ಮತ್ತೊಮ್ಮೆ ಆಡಿದ ಎಕ್ಸ್‌ಕಾಮ್

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಕಳೆದ ಸಂಚಿಕೆಯ ಕೊನೆಯಲ್ಲಿ ಹೇಳಿದ್ದೆ, ಈ ಸಲ ಒಂದು ಹಳೇ ವಿಡಿಯೊ ಗೇಮ್ ಬಗ್ಗೆ ಮಾತಾಡ್ತೀನಿ ಅಂತ. ಗೇಮ್ ಅಂದ ತಕ್ಷಣ "ಇದು ನಮಗಲ್ಲಪ್ಪಾ" ಅಂತ ಇಯರ್‌ಫೋನ್ ತೆಗೆದಿಡಬೇಡಿ. ಚೌಕಾಬಾರ ಆಡಿ ಗೊತ್ತಿದ್ದರೆ ಸಾಕು, ಇವತ್ತಿನ ಮಾತು ಪೂರ್ತಿ ಅರ್ಥ ಆಗುತ್ತೆ.

ಚೌಕಾಬಾರದಲ್ಲಿ ಏನಿದೆ ನೋಡಿ. ಕವಡೆ ಎಸೀತೀವಿ. ಎಷ್ಟು ಬೀಳುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಆದರೆ ಬಿದ್ದಷ್ಟರಲ್ಲಿ ಯಾವ ಕಾಯಿ ನಡೆಸಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಕಟ್ಟೆಮನೆಯಲ್ಲಿ ಕೂತ ಕಾಯಿಯನ್ನ ಎಬ್ಬಿಸೋದಾ, ಎದುರಾಳಿಯ ಕಾಯಿ ಹೊಡೆಯೋದಾ? ನಮ್ಮ ಸರದಿ ಮುಗಿದ ಮೇಲೆ ಅವರ ಸರದಿ. ನಡುವೆ ಎಷ್ಟು ಹೊತ್ತು ಬೇಕಾದರೂ ಯೋಚನೆ ಮಾಡಬಹುದು, ಬಯ್ಯೋರು ಬಯ್ಯಲಿ. ಸರದಿ ಆಟ, ಅಂದ್ರೆ ಟರ್ನ್ ಬೇಸ್ಡ್ ಗೇಮ್ ಅಂತ ಕಂಪ್ಯೂಟರ್‌ನಲ್ಲಿ ಕರೆಯೋದೂ ಇದನ್ನೇ.

ನಾನು ಹೇಳ್ತಿರೋ ಆಟದ ಹೆಸರು ಎಕ್ಸ್‌ಕಾಮ್: ಎನಿಮಿ ಅನ್‌ನೋನ್. ಫಿರಾಕ್ಸಿಸ್ ಅನ್ನೋ ಅಮೆರಿಕದ ಸಂಸ್ಥೆ 2012ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿತು. ಸಿವಿಲೈಸೇಷನ್ ಆಟ ಮಾಡುವ ಅದೇ ಸಂಸ್ಥೆ. ಇದರ ಮುಖ್ಯ ವಿನ್ಯಾಸಕಾರ ಜೇಕ್ ಸೋಲೊಮನ್. ಇದಕ್ಕೂ ಮೂಲ ಒಂದಿದೆ, 1994ರದು, ಇಂಗ್ಲೆಂಡಿನ ಜೂಲಿಯನ್ ಗೊಲ್ಲಪ್ ಮತ್ತು ಅವರ ತಮ್ಮ ನಿಕ್ ಸೇರಿ ಮಾಡಿದ್ದು. ಆ ಹಳೆಯದರಲ್ಲಿ ಒಂದೇ ವಿಮಾನದಲ್ಲಿ 14 ಜನ ಸೈನಿಕರನ್ನ ತುಂಬಿಕೊಂಡು ಹೋಗಬಹುದಿತ್ತು. ಸೋಲೊಮನ್ ಅದನ್ನ ನಾಲ್ಕಕ್ಕೆ ಇಳಿಸಿದರು, ಆಮೇಲೆ ಖರ್ಚು ಮಾಡಿ ಆರಕ್ಕೆ ಏರಿಸಿಕೊಳ್ಳಬಹುದು. ಕಡಿಮೆ ಜನ ಇದ್ದರೆ ಒಬ್ಬೊಬ್ಬರ ಹೆಸರೂ ನೆನಪಿರುತ್ತೆ. ಹೆಸರು ನೆನಪಿದ್ದರೆ ಸತ್ತಾಗ ನೋವಾಗುತ್ತೆ.

ಕಥೆ ಇಷ್ಟೇ: ಭೂಮಿಗೆ ಅನ್ಯಗ್ರಹದವರು ಬಂದಿದ್ದಾರೆ. 16 ದೇಶಗಳು ಸೇರಿ ಒಂದು ಗುಟ್ಟಿನ ಪಡೆ ಕಟ್ಟಿವೆ, ಭಾರತವೂ ಅದರಲ್ಲಿ ಇದೆ. ನೀವು ಆ ಪಡೆಯ ಕಮಾಂಡರ್. ಎಂಟು ದೇಶಗಳು ಕೈಬಿಟ್ಟರೆ ಆಟ ಮುಗೀತು. ಒಂದೇ ಸಮಯಕ್ಕೆ ಮೂರು ಊರಿಂದ ಕರೆ ಬರುತ್ತೆ, ನೀವು ಒಂದಕ್ಕೆ ಮಾತ್ರ ಹೋಗಬಹುದು. ಉಳಿದ ಎರಡು ಕಡೆ ಜನ ಹೆದರ್ತಾರೆ, ಅಲ್ಲಿನ ಸರ್ಕಾರ ನಿಮ್ಮ ಮೇಲೆ ಮುನಿಸಿಕೊಳ್ಳುತ್ತೆ. ಎಲ್ಲರನ್ನೂ ಉಳಿಸೋಕೆ ಆಗಲ್ಲ ಅನ್ನೋದನ್ನ ಆಟ ಮೊದಲ ತಿಂಗಳಲ್ಲೇ ಹೇಳಿಬಿಡುತ್ತೆ.

ಯುದ್ಧದ ನಿಯಮವೂ ಸರಳ. ಪ್ರತಿ ಸೈನಿಕನಿಗೆ ಒಂದು ಸರದಿಯಲ್ಲಿ ಎರಡು ಕೆಲಸ. ಒಮ್ಮೆ ನಡೆದು ಒಮ್ಮೆ ಗುಂಡು ಹಾರಿಸಬಹುದು, ಇಲ್ಲಾ ಎರಡು ಪಟ್ಟು ದೂರ ಓಡಬಹುದು. ಮೋಟು ಗೋಡೆಯ ಹಿಂದೆ ಅಡಗಿದರೆ ನಿಮ್ಮ ಮೇಲೆ ಬರುವ ಗುಂಡು ತಗಲೋ ಸಾಧ್ಯತೆ 20 ಅಂಕ ಕಡಿಮೆ, ಎತ್ತರದ ಗೋಡೆಯಾದರೆ 40. ಬಯಲಲ್ಲಿ ನಿಂತರೆ ದೇವರೇ ಗತಿ. ಗುಂಡು ಹಾರಿಸೋ ಮೊದಲು ಪರದೆ ಮೇಲೆ ಒಂದು ಸಂಖ್ಯೆ ಬರುತ್ತೆ: 65 ಪರ್ಸೆಂಟ್, 85 ಪರ್ಸೆಂಟ್ ಅಂತ. ಅದೇ ನಮ್ಮ ಕವಡೆ.

ನಾನು ಇದನ್ನ ಮೊದಲು ಆಡಿದ್ದು 2013ರಲ್ಲಿ, ಇಂಜಿನಿಯರಿಂಗ್ ಕೊನೇ ವರ್ಷ, ಹಾಸ್ಟೆಲ್ ರೂಮಿನಲ್ಲಿ. ನಾಲ್ಕು ಜನ, ಒಂದು ಕಂಪ್ಯೂಟರ್. ಹಾಸ್ಟೆಲ್‌ನಲ್ಲಿ ಯಾರಿಗೂ ಸ್ವಂತ ಹೆಸರು ಇರಲ್ಲ ನೋಡಿ, ಊರಿನ ಹೆಸರೇ ಹೆಸರು. ಕಂಪ್ಯೂಟರ್ ಶಿರಸಿಯದು. ಕೋಲಾರ, ಗದಗ, ಮತ್ತೆ ನಾನು ತಿಪಟೂರು. ಆಟದಲ್ಲಿ ಸೈನಿಕರ ಹೆಸರು ಬದಲಾಯಿಸಬಹುದು ಅಂತ ಗೊತ್ತಾದ ದಿನವೇ ನಾಲ್ಕೂ ಊರು ಪಡೆಗೆ ಸೇರಿದವು. ಶಿರಸಿ ಸ್ನೈಪರ್, ದೂರದಲ್ಲಿ ಕೂತು ಹೊಡೆಯೋನು. ಕೋಲಾರ ರಾಕೆಟ್ ಹೊರೋ ಹೆವಿ. ನಾನು ಸಪೋರ್ಟ್, ಅಂದ್ರೆ ಮೆಡಿಕಿಟ್ ಹೊತ್ಕೊಂಡು ಹಿಂದೆ ಹಿಂದೆ ಓಡಾಡೋನು. ಗದಗ ಅಸಾಲ್ಟ್. ಮುಂದೆ ನುಗ್ಗೋದೇ ಅವನ ಕೆಲಸ. ಯಾರು ಯಾವ ವರ್ಗ ಅನ್ನೋದನ್ನ ಆಟವೇ ನಿರ್ಧರಿಸುತ್ತೆ, ನಾವಲ್ಲ. ಆದರೂ ನಾಲ್ಕೂ ಸರಿಯಾಗೇ ಹೊಂದಿದ್ವು.

ಈ ಆಟದಲ್ಲಿ ಮೊದಲು ಹೆಜ್ಜೆ ಇಡೋನ ಕಷ್ಟ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ನಕ್ಷೆಯ ಬಹುಪಾಲು ಕತ್ತಲಲ್ಲಿರುತ್ತೆ. ಶತ್ರುಗಳು ಎರಡು ಮೂರರ ಗುಂಪಾಗಿ ಎಲ್ಲೋ ಇರ್ತಾರೆ. ನಮ್ಮವನೊಬ್ಬ ಅವರ ಕಣ್ಣಿಗೆ ಬಿದ್ದ ತಕ್ಷಣ ಅವರು ಎಚ್ಚೆತ್ತು ಚದುರಿ ಗೋಡೆ ಹಿಂದೆ ಸೇರ್ಕೋತಾರೆ, ಅದಕ್ಕೆ ಅವರ ಸರದಿ ಖರ್ಚಾಗಲ್ಲ. ಹಾಗಾಗಿ ಯಾರಾದರೂ ಒಬ್ಬ ಮೊದಲು ಹೋಗಿ ನೋಡಬೇಕು. ಹಿಂದಿನವರ ಸರದಿ ಇನ್ನೂ ಬಾಕಿ ಇರುವಾಗಲೇ ಅವನನ್ನ ಕಳಿಸಬೇಕು. ಎಲ್ಲರದೂ ಮುಗಿದ ಮೇಲೆ ಕೊನೆಯವನಾಗಿ ಅವನನ್ನ ಕತ್ತಲಿಗೆ ಓಡಿಸಿದರೆ, ಅವನು ಅಲ್ಲೊಬ್ಬನೇ. ಕಾಪಾಡೋಕೆ ಯಾರ ಕೈಯಲ್ಲೂ ಏನೂ ಉಳಿದಿರಲ್ಲ.

ಹಾಸ್ಟೆಲ್‌ನಲ್ಲಿ ನಮಗೆ ಇದ್ಯಾವುದರ ಚಿಂತೆ ಇರಲಿಲ್ಲ. ಪ್ರತಿ ಸರದಿಗೂ ಮೊದಲು ಸೇವ್ ಮಾಡೋದು, ಯಾರಾದರೂ ಸತ್ತರೆ ಲೋಡ್ ಮಾಡೋದು. ಮೊದಮೊದಲು ಒಂದು ವಿಚಿತ್ರ ಆಗ್ತಿತ್ತು. ಲೋಡ್ ಮಾಡಿ ಅದೇ ಗುಂಡು ಮತ್ತೆ ಹಾರಿಸಿದರೆ ಮತ್ತೆ ತಪ್ಪುತ್ತಿತ್ತು. ಹತ್ತು ಸಲ ಮಾಡಿದರೂ ಹತ್ತು ಸಲವೂ ಅಷ್ಟೇ. ಕೋಲಾರ "ಇದು ಮೋಸ" ಅಂತ ಕೂಗಾಡಿದ. ಮೋಸ ಅಲ್ಲ. ಮುಂದಿನ ಕವಡೆ ಏನು ಬೀಳಬೇಕು ಅನ್ನೋದನ್ನೂ ಆಟ ಸೇವ್ ಜೊತೆಗೇ ಬರೆದಿಟ್ಟುಕೊಂಡಿರುತ್ತೆ. ಅದನ್ನ ದಾಟೋ ಉಪಾಯ ಕಂಡುಹಿಡಿದೋನು ಗದಗ. ಸರದಿಯ ಕ್ರಮ ಬದಲಾಯಿಸಿ, ಅಂದ. ಮೊದಲು ಕೋಲಾರ ಹಾರಿಸಲಿ, ತಪ್ಪೋ ಕವಡೆ ಅವನ ಪಾಲಿಗೆ ಹೋಗಲಿ, ಆಮೇಲೆ ಶಿರಸಿ ಹೊಡೀಲಿ. ಕೆಲಸ ಆಯ್ತು! ಆವತ್ತಿಂದ ನಮ್ಮ ಪಡೆಯಲ್ಲಿ ಒಬ್ಬನೂ ಸಾಯಲಿಲ್ಲ. ಪರೀಕ್ಷೆಗೆ ಮುಂಚೆ ಆಟ ಗೆದ್ವಿ. ನಾವು ಭಾರೀ ತಂತ್ರಗಾರರು ಅಂತ ಅಂದುಕೊಂಡ್ವಿ.

ಈ ವರ್ಷ ಬೇಸಿಗೆಯಲ್ಲಿ ಅದೇ ಆಟ ಮತ್ತೆ ಹಾಕಿದೆ. ಯಾಕೆ ಅಂದ್ರೆ ದೊಡ್ಡ ಕಾರಣ ಏನಿಲ್ಲ, ಹೆಂಡತಿ ಮಗು ಊರಿಗೆ ಹೋಗಿದ್ದರು, ಸಂಜೆ ಖಾಲಿ. ಈ ಸಲ ಐರನ್‌ಮ್ಯಾನ್ ಆರಿಸಿಕೊಂಡೆ. ಐರನ್‌ಮ್ಯಾನ್ ಅಂದ್ರೆ ಒಂದೇ ಸೇವ್, ಅದನ್ನೂ ಆಟವೇ ಮಾಡ್ಕೊಳ್ಳುತ್ತೆ, ಹಿಂದಕ್ಕೆ ಹೋಗೋ ದಾರಿ ಇಲ್ಲ. ಸತ್ತವನು ಸತ್ತ. ಅವನ ಹೆಸರು ಸ್ಮಾರಕದ ಗೋಡೆಗೆ ಹೋಗುತ್ತೆ. ಕಷ್ಟದ ಮಟ್ಟ ಕ್ಲಾಸಿಕ್. ಸೈನಿಕರ ಹೆಸರು ಮಾತ್ರ ಅವೇ ನಾಲ್ಕು, ಯೋಚನೆ ಮಾಡದೇ ಟೈಪ್ ಮಾಡಿದೆ. ವರ್ಗಗಳು ಬದಲಾದವು: ಶಿರಸಿ ಈ ಸಲ ಹೆವಿ, ಕೋಲಾರ ಸ್ನೈಪರ್. ನಾನು ಮತ್ತೆ ಸಪೋರ್ಟ್. ಗದಗ ಮತ್ತೆ ಅಸಾಲ್ಟ್.

ಮೊದಲ ವಾರದಲ್ಲೇ ಗೊತ್ತಾಯ್ತು, ನನಗೆ ಈ ಆಟ ಆಡೋಕೆ ಬರೋದೇ ಇಲ್ಲ ಅಂತ. ಹಾಸ್ಟೆಲ್‌ನಲ್ಲಿ ನಾವು ಕಲಿತಿದ್ದು ಲೋಡ್ ಮಾಡೋದನ್ನ. ಒಂದು ಉದಾಹರಣೆ ಕೊಡ್ತೀನಿ. ನಾಲ್ಕು ಜನ, ನಾಲ್ಕು ಗುಂಡು, ಪ್ರತಿಯೊಂದೂ 85 ಪರ್ಸೆಂಟ್. ನನ್ನ ಯೋಜನೆ ನಾಲ್ಕೂ ತಗಲುತ್ತೆ ಅನ್ನೋದರ ಮೇಲೆ ನಿಂತಿರುತ್ತಿತ್ತು. 85 ಅಂದ್ರೆ ಹೆಚ್ಚೂ ಕಡಿಮೆ ಗ್ಯಾರಂಟಿ ಅನ್ನಿಸುತ್ತೆ, ಅಲ್ವಾ? ಆದರೆ ನಾಲ್ಕೂ ಒಟ್ಟಿಗೆ ತಗಲೋ ಸಾಧ್ಯತೆ ಲೆಕ್ಕ ಹಾಕಿ, ಬರೋದು 52 ಪರ್ಸೆಂಟ್. ನಾಣ್ಯ ಚಿಮ್ಮಿದ ಹಾಗೆ. 90 ಪರ್ಸೆಂಟಿನ ಹತ್ತು ಗುಂಡು ಹಾರಿಸಿದರೆ ಒಂದಾದರೂ ತಪ್ಪೋ ಸಾಧ್ಯತೆ 65. ಅಂದ್ರೆ ತಪ್ಪೋದೇ ಸಹಜ. ನಾವು ಮಾತ್ರ ಪ್ರತಿ ಸಲ ಅನ್ಯಾಯ ಆಯ್ತು ಅಂತೀವಿ.

ಇದು ನನ್ನೊಬ್ಬನ ದಡ್ಡತನ ಅಲ್ಲ, ಆಟ ಮಾಡೋರಿಗೆ ಚೆನ್ನಾಗಿ ಗೊತ್ತಿರೋ ವಿಷಯ. ಸಿವಿಲೈಸೇಷನ್ ರೂಪಿಸಿದ ಸಿಡ್ ಮೈಯರ್ 2010ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಇದರ ಬಗ್ಗೆನೇ ಮಾತಾಡಿದರು. ಮೂರಕ್ಕೆ ಒಂದು ಬಲ ಇದ್ದು ಸೋತವರು, ಆಟ ಕೆಟ್ಟಿದೆ ಅಂತ ದೂರು ಕೊಡ್ತಾರಂತೆ. ಒಂದಕ್ಕೆ ಮೂರು ಬಲ ಎದುರಿಗಿದ್ದೂ ಗೆದ್ದವರು ದೂರು ಕೊಡಲ್ಲ, ತಮ್ಮ ತಂತ್ರ ಫಲಿಸಿತು ಅಂದ್ಕೋತಾರೆ. ಲೆಕ್ಕ ಮಾತ್ರ ಎರಡು ಕಡೆಯೂ ಒಂದೇ. ಹಾಗಾಗಿ ಆಟ ಮಾಡೋರು ಏನ್ಮಾಡಿದ್ರು ಅಂದ್ರೆ ನಮ್ಮ ಸಮಾಧಾನಕ್ಕೆ ಸುಳ್ಳು ಹೇಳೋಕೆ ಶುರು ಮಾಡಿದ್ರು. ಜಪಾನಿನ ಫೈರ್ ಎಂಬ್ಲೆಮ್ ಸರಣಿಯಲ್ಲಿ 2002ರ ಒಂದು ಆಟದಿಂದ, ಒಂದರ ಬದಲು ಎರಡು ದಾಳ ಉರುಳಿಸಿ ಸರಾಸರಿ ತೆಗೀತಾರೆ. ಪರದೆ ಮೇಲೆ 90 ಅಂತ ಕಂಡರೂ ಒಳಗೆ ತಗಲೋದು 98. ಎಕ್ಸ್‌ಕಾಮ್‌ನ ಎರಡನೇ ಭಾಗದಲ್ಲಿ, 2016ರದು, ಸುಲಭದ ಮಟ್ಟಗಳಲ್ಲಿ ನಮ್ಮ ಗುಂಡು ಒಂದೆರಡು ಸಲ ತಪ್ಪಿದರೆ ಮುಂದಿನದಕ್ಕೆ ಆಟ ಗುಟ್ಟಾಗಿ ಒಂದಿಷ್ಟು ಸೇರಿಸುತ್ತೆ. ಸೋಲೊಮನ್ ಅವರೇ ಒಪ್ಪಿಕೊಂಡಿದ್ದಾರೆ. ಕಷ್ಟದ ಮಟ್ಟಕ್ಕೆ ಹೋದರೆ ಈ ದಾಕ್ಷಿಣ್ಯ ಇರಲ್ಲ.

ಸತತ ಎರಡು ಸಲ ಪೂರ್ತಿ ಆಟ ಸೋತ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಮಗಳ ಹಳೇ ಶಾಲಾ ಪುಸ್ತಕ, ಹಿಂದಿನ ಖಾಲಿ ಹಾಳೆಗಳು. ಪ್ರತಿ ಮಿಷನ್ ಆದಮೇಲೆ ಎರಡು ಅಂಕಣ. ಒಂದರಲ್ಲಿ ಏನಾಯ್ತು. ಇನ್ನೊಂದರಲ್ಲಿ ನಾನು ಮಾಡಿದ್ದು ಸರಿಯಾ ತಪ್ಪಾ, ಆಗಿದ್ದೇನು ಅನ್ನೋದನ್ನ ನೋಡದೇ. ಇದು ಹೇಳಿದಷ್ಟು ಸುಲಭ ಅಲ್ಲ. ಗೆದ್ದ ಮಿಷನ್‌ನಲ್ಲಿ ತಪ್ಪು ಹುಡುಕೋಕೆ ಮನಸ್ಸೇ ಬರಲ್ಲ. ಗೆದ್ದಾಯ್ತಲ್ಲ, ಮತ್ತೇನು?

ಮೂರನೇ ಪ್ರಯತ್ನದ ಮೇ ತಿಂಗಳಲ್ಲಿ, ಆಟದೊಳಗಿನ ಮೇ, ಕೋಲಾರ ಸತ್ತ. ಎತ್ತರದ ಗೋಡೆ ಹಿಂದೆ ಇದ್ದ, ಸುತ್ತ ಹೊಗೆ ಹಾಕಿದ್ದೆ. ಬಂದ ಗುಂಡು ತಗಲೋ ಸಾಧ್ಯತೆ ತೀರಾ ಕಡಿಮೆ. ತಗಲಿತು. ಕೆಲವು ಸಲ ಸೈನಿಕರು ಬಿದ್ದರೂ ಮೂರು ಸರದಿಯವರೆಗೆ ಜೀವ ಹಿಡ್ಕೊಂಡಿರ್ತಾರೆ, ಅಷ್ಟರಲ್ಲಿ ಮೆಡಿಕಿಟ್ ತಲುಪಿಸಬಹುದು. ಕೋಲಾರನಿಗೆ ಆ ಮೂರು ಸರದಿ ಸಿಗಲಿಲ್ಲ. ಅದನ್ನ ಕಂಡು ಶಿರಸಿ ಗಾಬರಿಬಿದ್ದು ತನ್ನ ಸರದಿ ಕಳ್ಕೊಂಡ. ನೋಟ್‌ಬುಕ್‌ನಲ್ಲಿ ಬರೆದೆ: "ಆಗಿದ್ದು: ಕೋಲಾರ ಹೋದ. ಮಾಡಿದ್ದು: ಸರಿ." ಬರೀವಾಗ ಕೈ ತಡೀತು. ಆದರೆ ನೂರು ಸಲ ಯೋಚನೆ ಮಾಡಿದರೂ ಅಲ್ಲಿ ನಾನು ಬೇರೆ ಮಾಡೋಕೆ ಏನೂ ಇರಲಿಲ್ಲ.

ಅದಾಗಿ ಎರಡು ದಿನಕ್ಕೆ ಇನ್ನೊಂದು ಮಿಷನ್. ರಾತ್ರಿ ಒಂದು ಗಂಟೆ, ನಿದ್ದೆ, ಬೇಗ ಮುಗಿಸೋ ಆತುರ. ಎಲ್ಲರ ಸರದಿ ಮುಗಿದಿತ್ತು, ಗದಗನದು ಬಾಕಿ. ಅವನನ್ನ ಕತ್ತಲಿಗೆ ಎರಡು ಪಟ್ಟು ಓಡಿಸಿದೆ. ಅಲ್ಲಿ ಮೂರು ಮ್ಯೂಟಾನ್. ಬಲಿಷ್ಠ ಜಾತಿ ಅವು. ಅವನು ಬಯಲಲ್ಲಿ, ಒಬ್ಬನೇ. ಮೂರೂ ಹೊಡೆದವು, ಮೂರೂ ತಪ್ಪಿದವು. ಮುಂದಿನ ಎರಡು ಸರದಿಯಲ್ಲಿ ನಾನು ಗೆದ್ದೆ. ಕುರ್ಚಿಯಿಂದ ಎದ್ದು ಕುಣಿದಿದ್ದು ಸುಳ್ಳಲ್ಲ. ಆಮೇಲೆ ನೋಟ್‌ಬುಕ್ ತೆಗೆದು ಬರೆದೆ: "ಆಗಿದ್ದು: ಗೆಲುವು, ಯಾರಿಗೂ ಗಾಯ ಇಲ್ಲ. ಮಾಡಿದ್ದು: ತಪ್ಪು. ಗದಗನನ್ನ ಒಬ್ಬನೇ ಮುಂದೆ ಕಳಿಸಿದೆ."

ಆ ವಾಕ್ಯ ಓದ್ಕೊಂಡು ಹಾಗೇ ಕೂತೆ.

ಗದಗ ಮತ್ತೆ ನಾನು ಮಾತು ಬಿಟ್ಟು ಒಂಬತ್ತು ವರ್ಷದ ಮೇಲಾಗಿದೆ. ಕಾಲೇಜು ಮುಗಿದು ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, 2015ರಲ್ಲಿ, ಮೊಬೈಲ್‌ಗೆ ಆಟ ಮಾಡೋ ಚಿಕ್ಕ ಕಂಪನಿ ಶುರು ಮಾಡೋಣ ಅಂತ ತೀರ್ಮಾನ ಮಾಡಿದ್ವಿ. ಒಂದೇ ತಿಂಗಳು ಇಬ್ಬರೂ ಕೆಲಸ ಬಿಡೋದು ಅಂತ ಮಾತು. ಅವನು ಬಿಟ್ಟ. ಹುಬ್ಬಳ್ಳಿಯಲ್ಲಿ ಮಹಡಿ ಮೇಲೆ ಒಂದು ರೂಮಿಗೆ ಅಡ್ವಾನ್ಸ್ ಕೊಟ್ಟ, ಎರಡು ವರ್ಷ ಕೂಡಿಸಿದ ದುಡ್ಡು. ನನಗೆ ಆಫೀಸಿನಲ್ಲಿ ಬಡ್ತಿ ಕೊಡೋ ಮಾತು ಬಂತು. "ಇನ್ನೊಂದು ತಿಂಗಳು ತಡಿ" ಅಂದೆ. ಮತ್ತೊಂದು ತಿಂಗಳು ಅಂದೆ. ಮೂರನೇ ತಿಂಗಳು ಬರಲ್ಲ ಅಂತ ಹೇಳಿದೆ, ಅದೂ ಫೋನಿನಲ್ಲಿ. ಕಂಪನಿ ಒಂದು ವರ್ಷದ ಮೇಲೆ ಸ್ವಲ್ಪ ದಿನ ನಡೀತು, ಮುಚ್ಚಿತು.

ಅಲ್ಲಿಂದ ಇಲ್ಲಿವರೆಗೂ ನಾನು ಈ ಕಥೆಯನ್ನ ಹೇಗೆ ಹೇಳ್ತಿದ್ದೆ ಗೊತ್ತಾ? "ಪುಣ್ಯಕ್ಕೆ ನಾನು ಹೋಗಲಿಲ್ಲ. ನೋಡಿ, ಕಂಪನಿ ಮುಳುಗಿತು." ಮದುವೆ ಮನೆಗಳಲ್ಲಿ, ಆಫೀಸಿನ ಊಟದ ಹೊತ್ತಲ್ಲಿ, ಮಾವನವರ ಮುಂದೆ, ಎಲ್ಲಾ ಕಡೆ ಹೇಳಿದ್ದೀನಿ. ಕಂಪನಿ ಮುಳುಗಿದ್ದೇ ನಾನು ಮಾಡಿದ್ದು ಸರಿ ಅನ್ನೋದಕ್ಕೆ ಸಾಕ್ಷಿ. ಒಂದನೇ ಅಂಕಣವನ್ನ ತೋರಿಸಿ ಎರಡನೇದನ್ನ ತುಂಬಿಬಿಟ್ಟಿದ್ದೆ.

ಕೆಲಸ ಬಿಡದೇ ಇದ್ದದ್ದು ತಪ್ಪು ಅಂತ ಈಗಲೂ ಹೇಳಲ್ಲ. ಮನೇಲಿ ಸಾಲ ಇತ್ತು, ಅಪ್ಪ ನಿವೃತ್ತಿಯಾಗಿದ್ದರು. ಅದಲ್ಲ ಪ್ರಶ್ನೆ. ಬರೋದಿಲ್ಲ ಅಂತ ಮೊದಲ ತಿಂಗಳಲ್ಲೇ ನನಗೆ ಗೊತ್ತಿತ್ತು. ಆವತ್ತೇ ಹೇಳಿದ್ದರೆ ಅವನು ಆ ರೂಮು ಹಿಡೀತಿರಲಿಲ್ಲ, ಬೇರೆ ಯಾರನ್ನಾದರೂ ಜೊತೆಗೆ ಹುಡುಕ್ತಿದ್ದ. ಹಿಂದೆ ನಾನಿದ್ದೀನಿ ಅಂದ್ಕೊಂಡು ಅವನು ಮುಂದೆ ಓಡಿದ. ನನ್ನ ಸರದಿ ಆಗಲೇ ಮುಗಿದಿತ್ತು. ನಾನು ಹೋಗಿದ್ದರೆ ಕಂಪನಿ ಉಳೀತಿತ್ತಾ, ಇಬ್ಬರೂ ಮುಳುಗ್ತಿದ್ವಾ, ಅದನ್ನ ಲೋಡ್ ಮಾಡಿ ನೋಡೋಕಾಗಲ್ಲ.

ಮತ್ತೆ ಆಟಕ್ಕೆ ಬರ್ತೀನಿ, ಯಾಕಂದ್ರೆ ಇದರ ಕೊನೆಯಲ್ಲಿ ಒಂದು ವಿಷಯ ಇದೆ. ಹತ್ತು ವರ್ಷ ದಾಟಿದ ಆಟ, ಕಥೆಯ ಅಂತ್ಯ ಹೇಳಿದರೆ ಬೇಜಾರು ಮಾಡ್ಕೋಬೇಡಿ. ಕೊನೆಯ ಭಾಗದಲ್ಲಿ ಸೈನಿಕರನ್ನ ಮೂವರಂತೆ ಪರೀಕ್ಷೆ ಮಾಡಬಹುದು, ಯಾರಿಗೆ ಮನೋಬಲದಿಂದ ಹೋರಾಡೋ ಶಕ್ತಿ ಇದೆ ಅಂತ. ಹತ್ತು ದಿನ ಬೇಕು. ಎಲ್ಲರಿಗೂ ಇರಲ್ಲ. ಶಕ್ತಿ ಇದ್ದವರಲ್ಲಿ ಒಬ್ಬರನ್ನ ಆರಿಸಿ ಗೊಲ್ಲಪ್ ಚೇಂಬರ್ ಅನ್ನೋ ಕೋಣೆಗೆ ಕಳಿಸಬೇಕು. ಹೌದು, 1994ರ ಆ ಜೂಲಿಯನ್ ಗೊಲ್ಲಪ್ ಹೆಸರೇ, ಹಳಬರಿಗೆ ಕೊಟ್ಟ ಮರ್ಯಾದೆ. ಒಳಗೆ ಹೋದವರು ಕೊನೆಯ ಮಿಷನ್‌ನಲ್ಲಿ ಶತ್ರುವಿನ ಹಡಗನ್ನ ಭೂಮಿಯಿಂದ ದೂರ ಒಯ್ದು ಅದರ ಜೊತೆಗೇ ಹೋಗಿಬಿಡ್ತಾರೆ. ವಾಪಸ್ ಬರಲ್ಲ. ನೀವೆಷ್ಟು ಚೆನ್ನಾಗಿ ಆಡಿದರೂ ಅಷ್ಟೇ. ಮೊದಲ ಸಲ ಆಡುವಾಗ ಇದು ಗೊತ್ತಿರಲ್ಲ. ಎರಡನೇ ಸಲ ಗೊತ್ತಿದ್ದೇ ಆರಿಸಬೇಕು.

ಮೂವರನ್ನ ಪರೀಕ್ಷೆಗೆ ಕಳಿಸಿದೆ: ಶಿರಸಿ, ತಿಪಟೂರು, ಗದಗ. ನಿಜ ಹೇಳಬೇಕು ಅಂದ್ರೆ ನನ್ನ ಹೆಸರೇ ಬರಲಿ ಅಂತ ಕಾದೆ. ಹತ್ತು ದಿನದ ನಂತರ ಫಲಿತಾಂಶ ಬಂತು. ಶಿರಸಿಗೆ ಇಲ್ಲ. ನನಗೆ ಇಲ್ಲ. ಗದಗನಿಗೆ ಇದೆ.

ಆ ಪರದೆಯನ್ನ ಫೋನಿನಲ್ಲಿ ಫೋಟೊ ತೆಗೆದೆ. ಗದಗನ ನಂಬರ್ ಇನ್ನೂ ಇತ್ತು. ವಾಟ್ಸ್‌ಆ್ಯಪ್ ತೆರೆದರೆ ಡಿಪಿಯಲ್ಲಿ ಒಂದು ಪುಟ್ಟ ಹುಡುಗಿ, ಕಣ್ಣು ಅವನದೇ. ಫೋಟೊ ಕಳಿಸಿದೆ. ಕೆಳಗೆ ಬರೆದೆ: "ಮೊದಲ ತಿಂಗಳೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು." ಕಂಪನಿ, ದುಡ್ಡು, ಬೇರೇನೂ ಬರೀಲಿಲ್ಲ. ನೀಲಿ ಟಿಕ್ ಆ ರಾತ್ರಿಯೇ ಬಂತು. ಉತ್ತರ ಬರಲಿಲ್ಲ.

ಮರುದಿನ ಮಧ್ಯಾಹ್ನ ಬಂತು. "ಈ ಸಲಾನೂ ನನ್ನ ಮುಂದ ಕಳಸ್ತಿ ಏನಲೇ?"

ನಾನು ಏನು ಬರೆಯೋದು ಅಂತ ಯೋಚಿಸ್ತಿರುವಾಗಲೇ ಇನ್ನೊಂದು. "ಕೋಲಾರ ಎಲ್ಲದಾನ?"

ಸತ್ತ, ಮೇ ತಿಂಗಳಲ್ಲಿ, ಅಂದೆ.

"ಮೆಡಿಕಿಟ್ ನಿನ್ನ ಕಡೇನ ಇತ್ತಲ್ಲ?"

ಗೋಡೆ, ಹೊಗೆ, ಎಲ್ಲಾ ಲೆಕ್ಕ ಹಾಕಿ ದೊಡ್ಡದೊಂದು ವಿವರಣೆ ಕಳಿಸಿದೆ. ಅದಕ್ಕೆ ಒಂದು ನಗುವಿನ ಎಮೋಜಿ ಬಂತು, ಅಷ್ಟೇ. ಕ್ಷಮಿಸಿದ್ದೀನಿ ಅಂತ ಅವನು ಹೇಳಿಲ್ಲ, ನಾನು ಕೇಳಿಲ್ಲ. ಸಂಜೆ ಹೊತ್ತಿಗೆ ಕೊನೆಯ ಮೆಸೇಜ್. ಮುಂದಿನ ತಿಂಗಳು ಮಗಳನ್ನ ಕರ್ಕೊಂಡು ಬೆಂಗಳೂರಿಗೆ ಬರ್ತಾನಂತೆ, ಹೆಂಡತಿಯ ತಂಗಿ ಮನೆಗೆ. "ಕಡೀ ಮಿಷನ್ ನಾ ಆಡತೇನಿ. ಅಲ್ಲೀತನಕ ನೀ ಅದನ್ನ ಮುಟ್ಟಬ್ಯಾಡ."

ಮುಟ್ಟಿಲ್ಲ. ಐರನ್‌ಮ್ಯಾನ್‌ನಲ್ಲಿ ಇರೋದು ಒಂದೇ ಸೇವ್, ಅದು ಹಾಗೇ ಇದೆ. ನೋಟ್‌ಬುಕ್‌ನಲ್ಲಿ ಇನ್ನು ನಾಲ್ಕು ಹಾಳೆ ಖಾಲಿ.